ನೀವು ನೋಡಿದ್ದು ಓಟವಲ್ಲ, ಹೊರಡೋದು

ಅಮೆರಿಕದ ಮಿನೆಸೋಟ ರಾಜ್ಯದ ಡುಲುತ್‌ನಿಂದ ಮನೆಗೆ ಬಂದು ಎರಡು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಬಿಡ್ತೀನಿ.

ಮೂರು ಕಾರು, ಹದಿಮೂರು ಜನ. ಮಿನಿಯಾಪೊಲಿಸ್‌ನಿಂದ ಎರಡೂವರೆ ಗಂಟೆ ದಾರಿ. ಪುಳಿಯೋಗರೆ, ಫ್ಲಾಸ್ಕಿನಲ್ಲಿ ತಿಳಿಸಾರು ಕಟ್ಟಿಕೊಂಡು ಜಾನ್ ಬೇರ್‌ಗ್ರೀಸ್ ಸ್ಲೆಡ್ ಡಾಗ್ ಮ್ಯಾರಥಾನ್ ನೋಡಲು ಹೋಗಿದ್ದೆವು. ಸುಪೀರಿಯರ್ ಸರೋವರದ ಉತ್ತರ ದಂಡೆಯ ಕಾಡಿನಲ್ಲಿ ಸುಮಾರು 300 ಮೈಲಿ ನಾಯಿಬಂಡಿ ಓಟ. 2024ರಲ್ಲಿ ಹಿಮ ಸಾಲದೆ ರದ್ದಾಯಿತು, 2025ರಲ್ಲೂ ರದ್ದಾಯಿತು. ಈ ಸಲ ಹಿಮ ಬೀಳಲು ಶುರುವಾದಾಗಿನಿಂದ ನಾನು ಎಷ್ಟು ದಿನ ಎಣಿಸಿದ್ದೀನಿ ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮೊದಲ ಬಂಡಿ ಹೊರಟು ನಲವತ್ತು ನಿಮಿಷಕ್ಕೆ ಹತ್ತು ಜನ ಕಾರು ಹತ್ತಿದರು. "ನೋಡಿದ್ದಾಯ್ತಲ್ಲ, ಇನ್ನೇನಿದೆ?" ಅಂದರು. ಕೆನಾಲ್ ಪಾರ್ಕಿನಲ್ಲಿ ಊಟ, ಅಲ್ಲಿಂದ ಸೀದಾ ಮನೆ. ಕತ್ತಲಾಗುವ ಹೊತ್ತಿಗೆ ಒಬ್ಬರ ಸ್ಟೇಟಸ್ಸೂ ಬಂತು: "ನಾಯಿಬಂಡಿ ಓಟ ನೋಡಿ ಬಂದ್ವಿ. ಪಾಪ, ಹೇಗೆ ಅರಚಿಕೊಳ್ತಿದ್ವು. ಮನುಷ್ಯರ ಖುಷಿಗೆ ಪ್ರಾಣಿಗಳಿಗೆ ಹಿಂಸೆ."

ಏನು ನೋಡಿದಿರಿ ನೀವು?

ಅರಚಿಕೊಂಡವು, ನಿಜ. ಒಂದೊಂದು ಬಂಡಿಗೆ ಹನ್ನೆರಡರಷ್ಟು ನಾಯಿ, ಒಟ್ಟು ಇನ್ನೂರರ ಮೇಲೆ. ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಹೆಗಲಪಟ್ಟಿ ಕಟ್ಟಿದ ಕೂಡಲೇ ನಾಲ್ಕೂ ಕಾಲೆತ್ತಿ ನೆಗೆಯುತ್ತವೆ, ಹಗ್ಗ ಕಚ್ಚುತ್ತವೆ, ಬಂಡಿಯನ್ನು ಹಿಂದಿನಿಂದ ಕಟ್ಟಿಹಾಕಿದ್ದರೂ ಇಂಚಿಂಚು ಮುಂದೆ ಎಳೆಯುತ್ತವೆ. ಒಂದೊಂದು ತಂಡ ಹಿಡಿದು ನಿಲ್ಲಿಸಲು ಆರೇಳು ಜನ ಬೇಕು. ಆದರೆ ಗಂಟು ಬಿಚ್ಚಿದ ಕ್ಷಣ ಏನಾಯಿತು ಅಂತ ಯಾರಾದರೂ ಗಮನಿಸಿದಿರಾ? ಹೊರಟ ತಂಡದ ಸದ್ದು ನಿಂತುಹೋಯಿತು. ಆ ಹನ್ನೆರಡರಲ್ಲಿ ಒಂದೂ ಬೊಗಳಲಿಲ್ಲ. ಹಿಮದ ಮೇಲೆ ಬಂಡಿ ಜಾರುವ ಸರಸರ, ಅಷ್ಟೇ. ಅವುಗಳ ಗಲಾಟೆಯೆಲ್ಲ ಓಡಲು ಬಿಡಲಿಲ್ಲ ಅಂತ. ಬಿಟ್ಟಾಗ ಸುಮ್ಮನಾದವು. ಅಷ್ಟು ಹೊತ್ತಿಗೆ ನಿಮ್ಮ ವಿಡಿಯೊ ಮುಗಿದಿತ್ತು, ಫೋನು ಜೇಬಿಗೆ ಹೋಗಿತ್ತು.

ಓಟ ನಡೆಯೋದು ರಾತ್ರಿ. ಕಾಡಿನೊಳಗೆ, ತಂಡಗಳು ನಿಂತು ದಣಿವಾರಿಸಿಕೊಳ್ಳುವ ಚೆಕ್‌ಪಾಯಿಂಟಿನಲ್ಲಿ. ನಾವು ಮೂವರು, ನಾನು, ಇವರು, ಮಗಳು, ಹೈವೇ 61 ಹಿಡಿದು ಟಾಫ್ಟೆವರೆಗೆ ಹೋಗಿ, ಅಲ್ಲಿಂದ ಮೇಲೆ ಸಾಬಿಲ್ ಚೆಕ್‌ಪಾಯಿಂಟಿಗೆ ಹತ್ತಿದೆವು. ಮೈನಸ್ 24 ಡಿಗ್ರಿ. ನಮಗೆ ಮೂಗಿನೊಳಗೆ ಉಸಿರು ಗಟ್ಟಿಯಾಗುವ ಚಳಿ, ಆ ನಾಯಿಗಳಿಗೆ ಹಿತ. ಅವಕ್ಕೆ ಕಷ್ಟ ಕೊಡೋದು ಸೆಕೆ.

ಮೊದಲು ಮರಗಳ ನಡುವೆ ತಲೆದೀಪದ ಒಂದು ಚುಕ್ಕಿ ಕಾಣಿಸಿತು. ಆಮೇಲೆ ಉಸಿರಾಟ ಕೇಳಿಸಿತು, ಹನ್ನೆರಡು ಬಾಯಿಯದ್ದು ಒಟ್ಟಿಗೆ. ಬಂಡಿ ನಿಂತಿತು. ಓಡಿಸುವವರನ್ನು ಇಲ್ಲಿ ಮಶರ್ ಅಂತಾರೆ. ನಾವು ನೋಡಿದ್ದು ಒಬ್ಬ ಹೆಂಗಸು, ನಲವತ್ತರ ಆಸುಪಾಸು, ರೆಪ್ಪೆಯ ಮೇಲೆಲ್ಲ ಹಿಮ ಕಟ್ಟಿತ್ತು. ಅವರು ತಮ್ಮ ಟೊಪ್ಪಿ ಕೂಡ ತೆಗೆಯಲಿಲ್ಲ, ನೀರು ಕುಡಿಯಲಿಲ್ಲ. ಒಣಹುಲ್ಲಿನ ಪಿಂಡಿ ಒಡೆದು ಒಂದೊಂದು ನಾಯಿಗೂ ಹಾಸಿದರು. ಕೈಗವಸು ಕಳಚಿ, ಮಂಡಿಯೂರಿ, ಪಾದಕ್ಕೆ ಕಟ್ಟಿದ್ದ ಬಟ್ಟೆಯ ಬೂಟಿಗಳನ್ನು ಬಿಚ್ಚುತ್ತಾ ಹೋದರು. ಮಗಳು ಮೆಲ್ಲಗೆ ಲೆಕ್ಕ ಹಾಕಿದಳು: ನಲವತ್ತೆಂಟು. ಪ್ರತಿ ಪಾದವನ್ನೂ ಅಂಗೈಯಲ್ಲಿ ಹಿಡಿದು, ಬೆರಳುಗಳ ಸಂದಿಯನ್ನು ಬಿಡಿಸಿ ನೋಡಿ, ಸೇರಿಕೊಂಡಿದ್ದ ಹಿಮದ ಹರಳನ್ನು ಬಾಯುಸಿರಿನಲ್ಲಿ ಕರಗಿಸಿ ಮುಲಾಮು ಸವರಿದರು. ಸ್ಪಿರಿಟ್ ಒಲೆಯ ಮೇಲೆ ಹಿಮ ಕರಗಿಸಿ, ಮಾಂಸ ಬೆರೆಸಿ ಬಿಸಿಬಿಸಿ ಬಡಿಸಿದರು. ನಾಯಿಗಳು ಮೂರು ಸುತ್ತು ತಿರುಗಿ, ಬಾಲದಡಿ ಮೂತಿ ಸೇರಿಸಿ ಮಲಗಿದವು. ಇಷ್ಟೆಲ್ಲ ಆಗಲು ಒಂದು ಗಂಟೆ ಹಿಡಿಯಿತು. ಅವರು ಒಂದು ಬಟ್ಟಲು ಸೂಪು ಕೈಗೆ ತೆಗೆದುಕೊಂಡದ್ದು ಅದಾದ ಮೇಲೆ.

ನನ್ನ ಅಜ್ಜ ಉಳುಮೆ ದಿನ ಎತ್ತಿಗೆ ಹುರುಳಿ ಇಡದೆ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಅಲ್ಲಿ ನಿಂತು ನನಗೆ ಅಳು ಬಂತು.

ಪಶುವೈದ್ಯರು ಸಾಲಾಗಿ ಬಂದರು. ಎದೆಗೆ ಸ್ಟೆತಸ್ಕೋಪು, ಒಸಡಿನ ಬಣ್ಣ, ಕತ್ತಿನ ಚರ್ಮ ಎತ್ತಿ ಬಿಟ್ಟು ನೀರಿನಂಶ ಪರೀಕ್ಷೆ, ಕಾಲಿನ ಒಂದೊಂದು ಗಿಣ್ಣು ಮಡಚಿ ನೋಡೋದು. ಇದನ್ನು ಯಾರೂ ಸ್ಟೇಟಸ್ಸಿಗೆ ಹಾಕಲ್ಲ.

"ಮಕ್ಕಳಿದ್ದರು, ಚಳಿ, ಸೋಮವಾರ ಆಫೀಸು" ಅಂತ ಹೇಳ್ತೀರಿ. ನನ್ನ ಮಗಳಿಗೆ ಹನ್ನೊಂದು ವರ್ಷ. ಸ್ಲೀಪಿಂಗ್ ಬ್ಯಾಗ್ ಹೊದ್ದು ಎರಡು ಗಂಟೆ ಹೊರಗೇ ನಿಂತಳು. ಸೋಮವಾರ ನನಗೂ ಆಫೀಸಿತ್ತು, ರಜೆ ಹಾಕಿದೆ. ಆಗದವರು ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ನಲವತ್ತು ನಿಮಿಷ ನೋಡಿ ತೀರ್ಪು ಕೊಟ್ಟಿರಲ್ಲ, ನನಗೆ ತಡೆಯೋಕಾಗದ್ದು ಅದು.

ಹಿಂಸೆಯ ಪ್ರಶ್ನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಲಾಸ್ಕಾದ ಇಡಿಟರಾಡ್ ಓಟದಲ್ಲಿ 2024ರಲ್ಲಿ ಮೂರು ನಾಯಿಗಳು ಸತ್ತವು. ಆ ಸಾವುಗಳ ಬಗ್ಗೆ ಮಾತಾಡಬೇಕು, ಓಟ ಬೇಕೇ ಅಂತಲೂ ಕೇಳಬೇಕು. ಆದರೆ ಪಾದ ನೋಡಿದವರು, ರಾತ್ರಿ ಕೂತವರು ಕೇಳಲಿ. ಬೊಗಳಿದ್ದನ್ನು ಅಳು ಅಂದುಕೊಂಡವರ ಕೈಲಿ ಆ ಪ್ರಶ್ನೆಗೆ ತೂಕ ಬರಲ್ಲ.

ಇನ್ನೊಂದು ಮಾತು ಹೇಳಬೇಕು. 2023ರಲ್ಲಿ ನಾನೂ ಹೀಗೇ ಮಾಡಿದ್ದೆ. ಹೊರಡೋದನ್ನು ನೋಡಿ, ಬ್ಯಾನರ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು ವಾಪಸ್ ಬಂದಿದ್ದೆ. ಬ್ಯಾನರಿನಲ್ಲಿದ್ದ ಹೆಸರು ಯಾರದು ಅಂತಲೂ ಕೇಳಿರಲಿಲ್ಲ. ಆಮೇಲೆ ಓದಿದೆ. ಜಾನ್ ಬೇರ್‌ಗ್ರೀಸ್ ಇಲ್ಲಿನ ಮೂಲನಿವಾಸಿ ಅನಿಶಿನಾಬೆ ಜನಾಂಗದವನು, ಬೀವರ್ ಬೇ ಊರಿನವನು, ಬುಡಕಟ್ಟಿನ ಮುಖ್ಯಸ್ಥನ ಮಗ. ಈ ದಂಡೆಗೆ ಸರಿಯಾದ ರಸ್ತೆಯೇ ಇಲ್ಲದ ಕಾಲದಲ್ಲಿ, 1879ರಿಂದ ಸುಮಾರು ಇಪ್ಪತ್ತು ವರ್ಷ, ಟೂ ಹಾರ್ಬರ್ಸ್‌ನಿಂದ ಗ್ರ್ಯಾಂಡ್ ಮರೇವರೆಗೆ ಟಪಾಲು ಸಾಗಿಸಿದ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನಾಲ್ಕು ನಾಯಿಗಳ ಬಂಡಿ. ನಾಯಿಗಳ ಕೊರಳಿಗೆ ಗಂಟೆ ಕಟ್ಟಿದ್ದ. ಸದ್ದು ಕೇಳಿದರೆ ಕಾಗದ ಬಂತು ಅಂತ ಜನಕ್ಕೆ ತಿಳಿಯುತ್ತಿತ್ತು. ಆ ದಾರಿಯನ್ನು ಒಮ್ಮೆ 28 ಗಂಟೆಯಲ್ಲಿ ಮುಗಿಸಿದ್ದನಂತೆ. ಅವನು ನಡುರಾತ್ರಿ ನಾಯಿಗಳ ಜೊತೆ ಒಬ್ಬನೇ ಇದ್ದ ಕಾಡು ಇದೇ. ನಾನು ಅದನ್ನು ನೋಡದೆ, ಅವನ ಹೆಸರಿನ ಕೆಳಗೆ ನಿಂತು ನಕ್ಕು ಬಂದಿದ್ದೆ. ಆ ಫೋಟೊ ಈಗಲೂ ನನ್ನ ಫೇಸ್‌ಬುಕ್ ಗೋಡೆಯ ಮೇಲಿದೆ, ಅಳಿಸಿಲ್ಲ.

ಬೆಳಗಿನ ಜಾವ ಆ ಹೆಂಗಸಿನ ತಂಡ ಹೊರಡುವಾಗ ಒಂದು ನಾಯಿಯನ್ನು ಬಿಟ್ಟು ಹೋಗಬೇಕಾಯಿತು. ಕಂದು ಬಣ್ಣದ ಸಣಕಲು ಹೆಣ್ಣು ನಾಯಿ, ಮುಂಗಾಲಿನ ಗಿಣ್ಣು ಊದಿತ್ತು. ಬಿಟ್ಟ ನಾಯಿಯ ಜಾಗಕ್ಕೆ ಬೇರೆಯದನ್ನು ಕಟ್ಟುವಂತಿಲ್ಲ, ಮುಂದಿನ ದಾರಿಗೆಲ್ಲ ಒಂದು ನಾಯಿ ಕಮ್ಮಿಯೇ. ಅವರು ವೈದ್ಯರ ಜೊತೆ ಎರಡು ಮಾತಾಡಿದರು, ಒಪ್ಪಿಕೊಂಡರು. ಬಂಡಿ ಹತ್ತಿದವರು ಮತ್ತೆ ಇಳಿದು ಬಂದು ಅದರ ಹಣೆಗೆ ಹಣೆ ಒತ್ತಿ ಏನೋ ಹೇಳಿದರು. ತಂಡ ಹೊರಟಿತು. ಸರಪಳಿಯಲ್ಲಿದ್ದ ಆ ನಾಯಿ ಎದ್ದು ನಿಂತು, ತಲೆದೀಪ ಮರಗಳಲ್ಲಿ ಮರೆಯಾಗುವವರೆಗೂ ಊಳಿಟ್ಟಿತು. ಅಳು ಅಂದರೆ ಅದು. ಮನೆಗೆ ಹೋದವರು ಕೇಳಬೇಕಿದ್ದದ್ದು ಅದನ್ನು.

ಮುಂದಿನ ಜನವರಿಗೆ ನಮ್ಮ ಕಾರಿನಲ್ಲಿ ಎರಡು ಸೀಟು ಇರುತ್ತೆ. ರಾತ್ರಿ ಉಳಿಯುವವರು ಈಗಲೇ ಹೇಳಿ. ಮಧ್ಯಾಹ್ನವೇ ಹೊರಡುವವರನ್ನು ನಾನು ಕರೆದುಕೊಂಡು ಹೋಗಲ್ಲ.