ಐವತ್ತು ಪೆನ್ಸ್‌ಗಾಗಿ ಆರು ವರ್ಷ ಕಾದ ಕಾನೂನು

ಐರ್ಲೆಂಡಿನಲ್ಲಿ ಮಾರಾಟವಾಗುವ ಪ್ರತಿಯೊಂದು ಮದ್ಯದ ಬಾಟಲಿಯ ಮೇಲೂ ಲಿವರ್ ಕಾಯಿಲೆ ಮತ್ತು ಕ್ಯಾನ್ಸರಿನ ಎಚ್ಚರಿಕೆ ಇರಬೇಕೆಂದು 2023ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ನಿಯಮ ಮಾಡಿತು. ತಯಾರಕರಿಗೆ ಮೂರು ವರ್ಷ ಕಾಲಾವಕಾಶ ಕೊಟ್ಟು 2026ರ ಮೇ 22 ಎಂದು ದಿನವನ್ನೂ ಗೊತ್ತುಮಾಡಿತು. ಆ ದಿನ ಬರುವ ಮೊದಲೇ, 2025ರ ಜುಲೈನಲ್ಲಿ, ಜಾಗತಿಕ ವ್ಯಾಪಾರದ ಪರಿಸ್ಥಿತಿ ಅನಿಶ್ಚಿತವಾಗಿದೆ ಎಂದು ಹೇಳಿ ಅದನ್ನು 2028ರ ಸೆಪ್ಟೆಂಬರ್‌ಗೆ ತಳ್ಳಿತು. ಸುದ್ದಿ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಯುರೋಪಿನಲ್ಲಿ ಆರೋಗ್ಯದ ಕಾನೂನನ್ನು ಸೋಲಿಸುವುದು ಕಷ್ಟ, ಕಾಯುವಂತೆ ಮಾಡುವುದು ಬಹಳ ಸುಲಭ. ಹದಿನೈದು ವರ್ಷಗಳಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನರ್ಸ್ ಆಗಿರುವ ನಾನು ಇದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕಣ್ಣಾರೆ ಕಂಡಿದ್ದೇನೆ.

ನಮ್ಮ ವಾರ್ಡಿಗೆ ಬರುವವರಲ್ಲಿ ಲಿವರ್ ಕೆಟ್ಟವರು ಬಹಳ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿರುತ್ತದೆ, ಹೊಟ್ಟೆ ನೀರು ತುಂಬಿ ಬಿಗಿದಿರುತ್ತದೆ, ಕೈಕಾಲು ಕಡ್ಡಿಯಾಗಿರುತ್ತವೆ. ಸೂಜಿ ಹಾಕಿ ನೀರು ತೆಗೆದು ಮನೆಗೆ ಕಳುಹಿಸುತ್ತೇವೆ. ಕೆಲವು ವಾರಗಳಲ್ಲಿ ಅದೇ ಹೊಟ್ಟೆ ಹೊತ್ತು ಮತ್ತೆ ಬರುತ್ತಾರೆ. 2014ರಲ್ಲಿ ಹಾಗೆ ಬಂದುಹೋಗುತ್ತಿದ್ದವರಲ್ಲಿ ಮೂವತ್ತೆಂಟು ವರ್ಷದ ಒಬ್ಬನಿದ್ದ, ಮನೆಗಳಿಗೆ ಬಣ್ಣ ಬಳಿಯುತ್ತಿದ್ದವನು. ಸ್ಕಾಟ್ಲೆಂಡ್ ಎಂದರೆ ವಿಸ್ಕಿ ಎಂದುಕೊಳ್ಳುತ್ತೇವೆ. ಅವನು ಕುಡಿಯುತ್ತಿದ್ದುದು ವಿಸ್ಕಿಯಲ್ಲ, ಬಿಳಿ ಸೈಡರ್. ಹೆಸರಿಗೆ ಸೇಬಿನ ಮದ್ಯ. ಮೂರು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಆಗ ನಾಲ್ಕು ಪೌಂಡ್ ಆಸುಪಾಸಿನ ಬೆಲೆ. ಅದರಲ್ಲಿರುವ ಮದ್ಯಸಾರ 22.5 ಯೂನಿಟ್. ಒಂದು ಯೂನಿಟ್ ಎಂದರೆ ಹತ್ತು ಮಿಲಿಲೀಟರ್ ಶುದ್ಧ ಮದ್ಯಸಾರ. ವಾರಕ್ಕೆ 14 ಯೂನಿಟ್ ಮೀರಬಾರದು ಎಂಬುದು ಇಂದಿನ ಬ್ರಿಟಿಷ್ ವೈದ್ಯಕೀಯ ಸಲಹೆ. ಅವನು ದಿನಕ್ಕೊಂದು ಬಾಟಲಿ ಮುಗಿಸುತ್ತಿದ್ದ. ದಿನಕ್ಕೆ ನಾಲ್ಕು ಪೌಂಡ್ ಎಂದರೆ ಕೂಲಿಯವನಿಗೂ ಎಟುಕುವ ಹಣ.

ಆ ಬಾಟಲಿಯನ್ನು ಅಷ್ಟು ಅಗ್ಗಕ್ಕೆ ಮಾರಬಾರದೆಂದು ಕಾನೂನು ಆಗಲೇ ಆಗಿತ್ತು. 2012ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಕನಿಷ್ಠ ಬೆಲೆಯ ಕಾನೂನನ್ನು ಅಂಗೀಕರಿಸಿತು. ಸರ್ಕಾರ ಇಟ್ಟುಕೊಂಡ ದರ ಯೂನಿಟ್ಟಿಗೆ 50 ಪೆನ್ಸ್, ಅಂದರೆ ಅರ್ಧ ಪೌಂಡ್. ಆ ಲೆಕ್ಕದಲ್ಲಿ ಮೂರು ಲೀಟರ್ ಸೈಡರ್ 11 ಪೌಂಡ್ 25 ಪೆನ್ಸ್‌ಗಿಂತ ಕಡಿಮೆಗೆ ಸಿಗುವಂತಿಲ್ಲ. ಶೇ. 40 ಮದ್ಯಸಾರವಿರುವ 70 ಸೆಂಟಿಲೀಟರ್ ವಿಸ್ಕಿಗೆ 14 ಪೌಂಡ್, ಅಂದರೆ ಒಳ್ಳೆಯ ವಿಸ್ಕಿಯ ಬೆಲೆಯನ್ನು ಅದು ಮುಟ್ಟುವುದೇ ಇಲ್ಲ. ಪಬ್ಬಿನಲ್ಲಿ ಕೂತು ಬಿಯರ್ ಕುಡಿಯುವವನಿಗೂ ಏನೂ ವ್ಯತ್ಯಾಸವಾಗದು. ಗುರಿ ಒಂದೇ: ಅತಿ ಅಗ್ಗದ, ಅತಿ ತೀವ್ರ ಮದ್ಯ.

ಇಷ್ಟು ಸರಳವಾದ ಕಾನೂನು ಜಾರಿಗೆ ಬಂದದ್ದು 2018ರ ಮೇ 1ರಂದು. ನಡುವಿನ ಆರು ವರ್ಷ ಅದು ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿಯಿತು. ಸ್ಕಾಚ್ ವಿಸ್ಕಿ ತಯಾರಕರ ಸಂಘ ಮತ್ತು ಯುರೋಪಿನ ಮದ್ಯ ಹಾಗೂ ವೈನ್ ತಯಾರಕರ ಒಕ್ಕೂಟಗಳು ಮೊಕದ್ದಮೆ ಹೂಡಿದವು. 2013ರಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ನ್ಯಾಯಾಧೀಶರು ಸರ್ಕಾರದ ಪರ ತೀರ್ಪು ಕೊಟ್ಟರು. ಮೇಲ್ಮನವಿ ಹೋಯಿತು. ಮೇಲ್ಮನವಿ ಕೇಳಿದ ಪೀಠ 2014ರಲ್ಲಿ ಪ್ರಶ್ನೆಯನ್ನು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯಕ್ಕೆ ಕಳುಹಿಸಿತು; ಬ್ರಿಟನ್ ಆಗ ಇನ್ನೂ ಯುರೋಪಿಯನ್ ಒಕ್ಕೂಟದಲ್ಲಿತ್ತು. ಅಲ್ಲಿಂದ ಉತ್ತರ ಬಂದದ್ದು 2015ರ ಡಿಸೆಂಬರ್ 23ರಂದು. ಮತ್ತೆ ಎಡಿನ್‌ಬರೋ, ಮತ್ತೆ ಮೇಲ್ಮನವಿ, ಕೊನೆಗೆ 2017ರ ನವೆಂಬರ್ 15ರಂದು ಲಂಡನ್ನಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಒಮ್ಮತದ ತೀರ್ಪು. ಬಣ್ಣ ಬಳಿಯುತ್ತಿದ್ದವನು 2014ರ ಚಳಿಗಾಲದಲ್ಲೇ ತೀರಿಕೊಂಡಿದ್ದ.

ಒಂದು ಬಾಟಲಿ ಸೈಡರಿಗೂ ಲಕ್ಸೆಂಬರ್ಗಿಗೂ ಏನು ಸಂಬಂಧ ಎಂದು ನನಗೂ ಆಗ ಅರ್ಥವಾಗಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಠಕ್ಕೆ ಬಿದ್ದವಳಂತೆ ತೀರ್ಪುಗಳನ್ನು ಓದಲು ತೊಡಗಿದೆ. ಓದಿದಷ್ಟೂ ಆಶ್ಚರ್ಯವಾಯಿತು. ಯುರೋಪಿನ ಮಾರುಕಟ್ಟೆ ಕಾನೂನು ಬೆಳೆದಿರುವುದೇ ಮದ್ಯದ ಬಾಟಲಿಗಳ ಸುತ್ತ. 1974ರ ದಾಸೋನ್‌ವಿಲ್ ಪ್ರಕರಣ ಫ್ರಾನ್ಸಿನಿಂದ ಬೆಲ್ಜಿಯಂಗೆ ತಂದ ಸ್ಕಾಚ್ ವಿಸ್ಕಿಗೆ ಸಂಬಂಧಿಸಿದ್ದು. ಸರಕಿನ ಮೂಲವನ್ನು ದೃಢೀಕರಿಸುವ ಪತ್ರ ಇಲ್ಲವೆಂಬುದು ತಕರಾರು. ದೇಶಗಳ ನಡುವಿನ ವ್ಯಾಪಾರಕ್ಕೆ ನೇರವಾಗಿಯೋ ಪರೋಕ್ಷವಾಗಿಯೋ ಅಡ್ಡಿಯಾಗಬಲ್ಲ ಯಾವುದೇ ವ್ಯಾಪಾರ ನಿಯಮ ಆಮದು ನಿರ್ಬಂಧಕ್ಕೆ ಸಮ ಎಂಬ ಸೂತ್ರ ಹುಟ್ಟಿದ್ದು ಅಲ್ಲಿ. 1979ರದ್ದು ಕಸ್ಸೀ ದ ದೀಜೋಂ ಎಂಬ ಫ್ರೆಂಚ್ ಹಣ್ಣಿನ ಮದ್ಯದ ಪ್ರಕರಣ. ಅಂಥ ಮದ್ಯದಲ್ಲಿ ಕನಿಷ್ಠ ಶೇ. 25 ಮದ್ಯಸಾರ ಇರಲೇಬೇಕೆಂದು ಜರ್ಮನಿ ಹಠ ಹಿಡಿದಿತ್ತು. ಅದಕ್ಕೆ ಕೊಟ್ಟ ಕಾರಣ ಸಾರ್ವಜನಿಕ ಆರೋಗ್ಯ: ಸೌಮ್ಯ ಮದ್ಯ ಜನರಿಗೆ ಚಟ ಹತ್ತಿಸುತ್ತದಂತೆ! ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಸರಿಯಾಗಿಯೇ ಮಾಡಿತು. ಆರೋಗ್ಯದ ಹೆಸರನ್ನು ಮುಂದೆ ಮಾಡಿ ಸ್ವಂತ ಉದ್ಯಮವನ್ನು ಕಾಪಾಡಿಕೊಳ್ಳುವ ಸರ್ಕಾರಗಳಿಗೆ ಅಂಥ ಕಡಿವಾಣ ಬೇಕೇ ಬೇಕು.

ಆದರೆ ಆ ಕಡಿವಾಣದ ಇನ್ನೊಂದು ತುದಿ ನಿಜವಾದ ಆರೋಗ್ಯ ಕಾನೂನಿನ ಕುತ್ತಿಗೆಗೂ ಬೀಳುತ್ತದೆ. ಯುರೋಪಿಯನ್ ಒಕ್ಕೂಟದ ಒಪ್ಪಂದದ 168ನೇ ವಿಧಿ ಎಲ್ಲ ನೀತಿಗಳಲ್ಲೂ ಉನ್ನತ ಮಟ್ಟದ ಆರೋಗ್ಯ ರಕ್ಷಣೆ ಇರಬೇಕೆನ್ನುತ್ತದೆ. ಅದೇ ವಿಧಿ ಮುಂದುವರಿದು, ಜನರ ಆರೋಗ್ಯ ಸುಧಾರಿಸಲು ಮದ್ಯ, ತಂಬಾಕಿನ ವಿಷಯದಲ್ಲಿ ಒಕ್ಕೂಟ ಕ್ರಮ ಕೈಗೊಳ್ಳಬಹುದಾದರೂ ಸದಸ್ಯ ದೇಶಗಳ ಕಾನೂನುಗಳನ್ನು ಏಕರೂಪಗೊಳಿಸುವಂತಿಲ್ಲ ಎನ್ನುತ್ತದೆ. ಹಾಗಾಗಿ ಬ್ರಸೆಲ್ಸ್‌ನಲ್ಲಿರುವ ಒಕ್ಕೂಟದ ಆಡಳಿತ ಆರೋಗ್ಯ ಕಾಪಾಡಬೇಕೆಂದರೆ, ವ್ಯಾಪಾರ ಸುಗಮಗೊಳಿಸುವ ನಿಯಮ ಎಂಬ ಹೆಸರಿನಲ್ಲಿ ಮಾರುಕಟ್ಟೆಯ ಬಾಗಿಲಿನಿಂದಲೇ ಒಳಗೆ ಬರಬೇಕು. 1998ರಲ್ಲಿ ತಂಬಾಕು ಜಾಹೀರಾತಿನ ಮೇಲೆ ಸಮಗ್ರ ನಿಷೇಧವನ್ನು ಹಾಗೆ ತಂದಿದ್ದರು. ಜರ್ಮನಿ ಪ್ರಶ್ನಿಸಿತು, 2000ನೇ ಇಸವಿಯ ಅಕ್ಟೋಬರ್ 5ರಂದು ನ್ಯಾಯಾಲಯ ಅದನ್ನು ರದ್ದು ಮಾಡಿತು. ಭಿತ್ತಿಪತ್ರ, ಹೋಟೆಲಿನ ಬೂದಿಬಟ್ಟಲು, ಬಿಸಿಲ ಕೊಡೆಗಳ ಮೇಲಿನ ಜಾಹೀರಾತನ್ನು ತಡೆಯುವುದರಿಂದ ಗಡಿಯಾಚೆಗಿನ ವ್ಯಾಪಾರ ಸುಗಮವಾಗುವುದೇನೂ ಇಲ್ಲ ಎಂಬುದು ವಾದದ ತಿರುಳು. ಕಾನೂನಿನ ತರ್ಕ ನಿಖರವಾಗಿದೆ. ಬೂದಿಬಟ್ಟಲಿನ ಮುಂದೆ ಕೂತವನ ಶ್ವಾಸಕೋಶದ ಮಾತು ಆ ತರ್ಕದಲ್ಲಿ ಎಲ್ಲೂ ಬರುವುದಿಲ್ಲ. 2003ರಲ್ಲಿ ಪತ್ರಿಕೆ, ರೇಡಿಯೊ, ಅಂತರ್ಜಾಲಗಳಿಗೆ ಸೀಮಿತವಾದ ಹೊಸ ನಿರ್ದೇಶನ (ಸದಸ್ಯ ದೇಶಗಳು ಪಾಲಿಸಬೇಕಾದ ಒಕ್ಕೂಟದ ಕಾನೂನು) ಬಂತು, ಅದು ಉಳಿಯಿತು. ಅಷ್ಟರಲ್ಲಿ ಐದು ವರ್ಷ ಸರಿದಿತ್ತು.

ನಮ್ಮ ದೇಶದಲ್ಲಿ ಈ ತಕ್ಕಡಿ ಬೇರೆ ರೀತಿ ತೂಗುತ್ತದೆ. ಖೋಡೇಸ್ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಮಾದಕ ಪಾನೀಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು 1994ರಲ್ಲಿ ಹೇಳಿತು. ನಮ್ಮ ಸರ್ಕಾರಗಳು ಅಬಕಾರಿ ಆದಾಯಕ್ಕೆ ಜೋತುಬಿದ್ದಿರುವುದನ್ನು ನಾನು ಮರೆತಿಲ್ಲ. ಆದರೂ ತತ್ವದ ಮಟ್ಟದಲ್ಲಿ ಅಲ್ಲಿ ಮದ್ಯ ಮಾರುವವನು ಅನುಮತಿ ಕೇಳಬೇಕು. ಯುರೋಪಿನಲ್ಲಿ ಸರಕು ಹಕ್ಕಿನೊಂದಿಗೇ ಗಡಿ ದಾಟುತ್ತದೆ. ಅದನ್ನು ತಡೆಯಬೇಕೆನ್ನುವವರು ಸಾಕ್ಷಿ ಹಿಡಿದು ನಿಲ್ಲಬೇಕು.

ಲಕ್ಸೆಂಬರ್ಗ್ ಸ್ಕಾಟ್ಲೆಂಡಿಗೆ ಕೇಳಿದ್ದೂ ಅದನ್ನೇ. ಕನಿಷ್ಠ ಬೆಲೆ ವ್ಯಾಪಾರಕ್ಕೆ ಅಡ್ಡಿ, ಸರಿ. ಜನರ ಜೀವ ಕಾಪಾಡಲು ಅಂಥ ಅಡ್ಡಿ ಹಾಕಬಹುದು, ಅದೂ ಸರಿ. ಆದರೆ ತೆರಿಗೆ ಏರಿಸಿದರೆ ಅದೇ ಫಲ ಸಿಗುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಸಂಕಟವೆಂದರೆ ಮದ್ಯದ ತೆರಿಗೆ ಲಂಡನ್ ಸರ್ಕಾರದ ಕೈಯಲ್ಲಿದೆ, ಎಡಿನ್‌ಬರೋ ಕೈಯಲ್ಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ವೈನಿಗೂ ಸೈಡರಿಗೂ ತೀವ್ರತೆಗೆ ತಕ್ಕಂತೆ ತೆರಿಗೆ ಹಾಕಲು 1992ರ ಯುರೋಪಿಯನ್ ನಿರ್ದೇಶನವೇ ಬಿಡುತ್ತಿರಲಿಲ್ಲ. ಪ್ರಮಾಣದ ಮೇಲೆ ಹಾಕಬೇಕಿತ್ತು. ಒಂದು ಕೈ ಕಟ್ಟಿ, ಆ ಕೈಯಿಂದಲೇ ಏಕೆ ಮಾಡಲಿಲ್ಲ ಎಂದು ಕೇಳಿದ ಹಾಗೆ. ತೆರಿಗೆ ಏರಿಸಿದರೆ ಮಿತವಾಗಿ ಕುಡಿಯುವವನೂ ತೆರುತ್ತಾನೆ, ಕನಿಷ್ಠ ಬೆಲೆ ಅಪಾಯದ ಅಂಚಿನಲ್ಲಿರುವವನ ಬಾಟಲಿಯನ್ನೇ ಮುಟ್ಟುತ್ತದೆ ಎಂಬ ವಾದವನ್ನು ಕೊನೆಗೆ ಲಂಡನ್ನಿನ ನ್ಯಾಯಮೂರ್ತಿಗಳು ಒಪ್ಪಿದರು.

ಸಾಕ್ಷಿ ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಔಷಧಿಗೆ ಸಾಕ್ಷಿ ಕೇಳುವ ವೃತ್ತಿಯಲ್ಲಿರುವ ನಾನು ಕಾನೂನಿಗೆ ಕೇಳಬಾರದೆಂದರೆ ಅದು ಅಪ್ರಾಮಾಣಿಕತೆ. ಸ್ಕಾಟ್ಲೆಂಡಿನ ಕಾನೂನಿನಲ್ಲೇ ಐದು ವರ್ಷಕ್ಕೆ ಮರುಪರಿಶೀಲನೆ ಆಗಬೇಕು, ಸಂಸತ್ತು ಮತ್ತೆ ಒಪ್ಪದಿದ್ದರೆ ಆರು ವರ್ಷಕ್ಕೆ ತಾನಾಗಿ ರದ್ದಾಗಬೇಕು ಎಂಬ ಷರತ್ತಿತ್ತು. ಅದಕ್ಕಿಂತ ಪ್ರಾಮಾಣಿಕವಾದ ಏರ್ಪಾಡು ಯಾವುದು? ಜಾರಿಗೆ ತಂದು ನೋಡಿ, ಫಲ ಅಳೆಯಿರಿ, ಇಲ್ಲದಿದ್ದರೆ ತೆಗೆದುಹಾಕಿ. ಅದರ ಬದಲು ಫಲ ಅಳೆಯುವ ಮೊದಲೇ ಫಲವನ್ನು ಸಾಬೀತುಪಡಿಸಿ ಎಂದು ಆರು ವರ್ಷ ನಿಲ್ಲಿಸಿದರು. ಆ ಆರು ವರ್ಷವೂ ನಾಲ್ಕು ಪೌಂಡಿನ ಬಾಟಲಿ ಮಾರಾಟವಾಗುತ್ತಲೇ ಇತ್ತು. ತಡವಾದದ್ದಕ್ಕೆ ಮೊಕದ್ದಮೆ ಹೂಡಿದವರು ಏನನ್ನೂ ತೆರಲಿಲ್ಲ.

ಫಲ ಏನಾಯಿತು? ಸ್ಕಾಟ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ, ಇಂಗ್ಲೆಂಡಿನೊಂದಿಗೆ ಹೋಲಿಸಿ ಲೆಕ್ಕ ಹಾಕಿದಾಗ, ಸಂಪೂರ್ಣವಾಗಿ ಮದ್ಯದಿಂದಲೇ ಆಗುವ ಸಾವುಗಳು ಶೇ. 13.4ರಷ್ಟು ಕಡಿಮೆಯಾಗಿದ್ದವು. ವರ್ಷಕ್ಕೆ ಸುಮಾರು 156 ಜೀವ. ಹೆಚ್ಚು ಉಳಿದದ್ದು ಬಡ ಬಡಾವಣೆಗಳ ಗಂಡಸರು. ಆ ಸಂಖ್ಯೆಯನ್ನು ಕಳೆದುಹೋದ ಆರು ವರ್ಷಕ್ಕೆ ಹಾಗೆಯೇ ಗುಣಿಸುವುದು ಸಂಖ್ಯಾಶಾಸ್ತ್ರಕ್ಕೆ ಒಪ್ಪುವ ಕೆಲಸವಲ್ಲ, ಗೊತ್ತು. ಆದರೂ ಒಂದು ರಾತ್ರಿ ವಾರ್ಡಿನಲ್ಲಿ ಕೂತು ಗುಣಿಸಿದೆ. ಒಂಬೈನೂರು ದಾಟಿತು.

ಕಾನೂನಿನ ಕುಂದುಗಳೂ ನನಗೆ ಗೊತ್ತು. ಚಟಕ್ಕೆ ಪೂರ್ತಿ ಸಿಕ್ಕಿಬಿದ್ದವರಿಗೆ ಇದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಕೆಲವರು ಊಟದ ದುಡ್ಡನ್ನು ಕುಡಿತಕ್ಕೆ ಸುರಿದರು. ಹೆಚ್ಚಿದ ಬೆಲೆಯ ಹಣ ಸರ್ಕಾರಕ್ಕಲ್ಲ, ಅಂಗಡಿಗಳ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಅದನ್ನು ಚಿಕಿತ್ಸಾ ಕೇಂದ್ರಗಳಿಗೆ ತಿರುಗಿಸಬೇಕೆಂದು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ. 2023ರಲ್ಲಿ ಇಲ್ಲಿ ಮದ್ಯದಿಂದಾದ ಸಾವುಗಳು 1,277. 2008ರ ನಂತರ ಅಷ್ಟು ಆಗಿರಲಿಲ್ಲ. ಕೋವಿಡ್ ಕಾಲದಲ್ಲಿ ಒಂಟಿಯಾಗಿ ಕುಡಿದವರ ಬಿಲ್ ಈಗ ಬರುತ್ತಿದೆ. ಇದನ್ನು ತೋರಿಸಿ ಕಾನೂನೇ ವಿಫಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: 2012ರಲ್ಲಿ ನಿಗದಿಯಾದ 50 ಪೆನ್ಸ್ 2024ರಲ್ಲೂ 50 ಪೆನ್ಸಾಗಿಯೇ ಉಳಿದಿತ್ತು. ಅಷ್ಟರಲ್ಲಿ ಬ್ರೆಡ್ಡು, ಬಾಡಿಗೆ, ಎಲ್ಲದರ ಬೆಲೆ ಏರಿತ್ತು. ಕಾಯುವಿಕೆ ಜೀವಗಳ ಜೊತೆಗೆ ಆ ದರದ ಶಕ್ತಿಯನ್ನೂ ತಿಂದುಹಾಕಿತ್ತು.

2024ರ ಏಪ್ರಿಲ್‌ನಲ್ಲಿ ಸಂಸತ್ತು ಕಾನೂನನ್ನು ಮುಂದುವರಿಸಿತು. ಸೆಪ್ಟೆಂಬರ್ 30ರಿಂದ ದರ 65 ಪೆನ್ಸ್ ಆಯಿತು. ಮೂರು ಲೀಟರಿನ ಆ ಬಾಟಲಿಗೆ ಈಗ ಹದಿನಾಲ್ಕೂವರೆ ಪೌಂಡಿಗಿಂತ ಹೆಚ್ಚು. ನಮ್ಮ ಬೀದಿಯ ಅಂಗಡಿಯವರನ್ನು ಕೇಳಿದೆ. "ಅದನ್ನು ತರಿಸುವುದು ಬಿಟ್ಟು ವರ್ಷಗಳಾದವು, ಯಾರೂ ಕೇಳುವುದಿಲ್ಲ," ಎಂದರು. ಮೊದಲು ಅದು ಇರುತ್ತಿದ್ದ ಕೆಳಗಿನ ಕಪಾಟಿನಲ್ಲಿ ಈಗ ಬಟ್ಟೆ ಒಗೆಯುವ ಪುಡಿ ಇದೆ.