ಕ್ಯಾಬಿನೆಟ್ ಚಿಕ್ಕದಿರಲಿ, ಬಿಲ್ ದೊಡ್ಡದಿರಲಿ

ದುಬಾರಿ ಗೇಮಿಂಗ್ ಪಿಸಿ ಕಟ್ಟಿಸುವವರಲ್ಲಿ ಈಗ ಎರಡು ಪಕ್ಷ. ಒಂದಕ್ಕೆ ಕ್ಯಾಬಿನೆಟ್, ಅಂದರೆ ಭಾಗಗಳೆಲ್ಲ ಕೂರುವ ಪೆಟ್ಟಿಗೆ, ಎಷ್ಟು ಚಿಕ್ಕದೋ ಅಷ್ಟು ಘನತೆ, ಇನ್ನೊಂದಕ್ಕೆ ಅದನ್ನು ಎತ್ತಲು ಇಬ್ಬರು ಬೇಕು. ನಡುವಿನ ಅಳತೆಯ ಮಿಡ್ ಟವರ್ ಪೆಟ್ಟಿಗೆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅದರಲ್ಲಿ ಎಲ್ಲವೂ ಸುಮ್ನೆ ಕೂತುಬಿಡುತ್ತದೆ, ಅದೇ ಅದರ ತಪ್ಪು.

ಚಿಕ್ಕ ಪಕ್ಷದವರು ಪೆಟ್ಟಿಗೆಯನ್ನು ಲೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಕೂಲರ್ ಮಾಸ್ಟರ್ ಎನ್‌ಆರ್200 ಹದಿನೆಂಟು ಲೀಟರ್ ಚಿಲ್ಲರೆ, ಮೂಗು ಮುರಿಯುತ್ತಾರೆ. ಫ್ರಾಕ್ಟಲ್ ಟೆರ್ರಾ 10.4 ಲೀಟರ್, ಪರವಾಗಿಲ್ಲ. ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಅಂದರೆ 7.2 ಲೀಟರ್, ಕೈ ಮುಗಿಯುತ್ತಾರೆ. ಅದರೊಳಗೆ ಆಟದ ಚಿತ್ರ ಬಿಡಿಸುವ ಮಾಮೂಲಿ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು ಹೋಗುವುದೇ ಇಲ್ಲ ಎಂಬುದು ಬೇರೆ ಮಾತು. ಇವರ ಮದರ್‌ಬೋರ್ಡ್ 17 ಸೆಂ.ಮೀ. ಚೌಕ, ರ‍್ಯಾಮ್‌ಗೆ ಎರಡೇ ಜಾಗ, ಕಾರ್ಡಿಗೆ ಒಂದೇ ಜಾಗ, ಹಾಗಾಗಿ ಸಾಮಾನ್ಯವಾಗಿ ಬೆಲೆ ಜಾಸ್ತಿ. ಪವರ್ ಸಪ್ಲೈ ಅಷ್ಟೇ ವ್ಯಾಟಿನದು, ಗಾತ್ರ ಚಿಕ್ಕದು, ಅದಕ್ಕೂ ಜಾಸ್ತಿ. ಯಾಕಪ್ಪಾ ಇದೆಲ್ಲ ಅಂದರೆ, ಎಲ್ಲಿಗೆ ಬೇಕಾದರೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದಂತೆ. ಸರಿ ಸ್ವಾಮಿ, 32 ಇಂಚಿನ ಮಾನಿಟರನ್ನು ಯಾರು ಹೊರುತ್ತಾರೆ?

ದೊಡ್ಡ ಪಕ್ಷದ ಕಥೆ ಇನ್ನೂ ಚೆನ್ನಾಗಿದೆ. ಡಿವಿಡಿ ಡ್ರೈವ್ ಹೋಯಿತು, ಹಾರ್ಡ್ ಡಿಸ್ಕ್ ಹೋಯಿತು, ಅದರ ಜಾಗಕ್ಕೆ ಬಂದ ಈಗಿನ ಎಸ್‌ಎಸ್‌ಡಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಬೋರ್ಡಿಗೇ ಅಂಟಿಕೊಂಡಿರುತ್ತದೆ. ಒಳಗಿನದ್ದೆಲ್ಲ ಕರಗಿತು, ಪೆಟ್ಟಿಗೆ ಮಾತ್ರ ಕರಗಲಿಲ್ಲ. ಉಳಿದ ಖಾಲಿ ಜಾಗ ಜನಕ್ಕೆ ಕಾಣಬೇಕಲ್ಲ, ಅದಕ್ಕೆ ಮುಂದೆ, ಪಕ್ಕ ಎರಡು ಕಡೆ ಗಾಜು. ಗಾಜು ಹಾಕಿದ ಮೇಲೆ ಮುಂದಿನಿಂದ ಗಾಳಿ ಬರುವುದಿಲ್ಲ, ಅದಕ್ಕೆ ಇನ್ನಷ್ಟು ಫ್ಯಾನ್. ಫ್ಯಾನ್ ಕತ್ತಲಲ್ಲಿ ಕಾಣುವುದಿಲ್ಲ, ಅದಕ್ಕೆ ಬಣ್ಣದ ಲೈಟು. ಕೊನೆಗೆ ಅದನ್ನು ಮೇಜಿನ ಕೆಳಗೆ, ಗಾಜು ಗೋಡೆಗೆ ಮುಖ ಮಾಡಿ ಇಡುತ್ತಾರೆ, ಯಾಕೆಂದರೆ ಪ್ಲಗ್ ಇರುವುದು ಆ ಕಡೆ.

ನಿಜ ಹೇಳಬೇಕೆಂದರೆ ಆಯ್ಕೆ ಮಾಡುವವರು ಇವರಿಬ್ಬರೂ ಅಲ್ಲ, ಕಾರ್ಡು. 2016ರ ಜಿಟಿಎಕ್ಸ್ 1080ಕ್ಕೆ 180 ವ್ಯಾಟ್ ಸಾಕಿತ್ತು. 2022ರ 4090ಕ್ಕೆ 450, 2025ರ 5090ಕ್ಕೆ 575. ಇವುಗಳ ಚಿಪ್ ಮಾಡುವ ಎನ್‌ವಿಡಿಯಾದ ಸ್ವಂತ 4090ರ ಉದ್ದ 304 ಮಿ.ಮೀ., ಶಾಲೆಯ ಸ್ಕೇಲಿನಲ್ಲಿ ಅಳೆಯಲು ಹೋದರೆ ಸ್ಕೇಲೇ ಸಾಲದು. ಅದರ ಚಿಪ್ ಹಾಕಿ ಬೇರೆ ಕಂಪನಿಗಳು ಮಾಡುವ 5090 ಕಾರ್ಡುಗಳಲ್ಲಿ 35 ಸೆಂ.ಮೀ. ದಾಟಿದವೂ ಇವೆ. ತೂಕಕ್ಕೆ ಬಾಗುತ್ತದೆ ಅಂತ ಕಂಬ ಕೊಟ್ಟು ನಿಲ್ಲಿಸಬೇಕು. ಕಾರ್ಡಿನ ಕರೆಂಟ್ ಕೇಬಲನ್ನು ಪ್ಲಗ್ಗಿನಿಂದ 35 ಮಿ.ಮೀ. ತನಕ ಬಗ್ಗಿಸಬೇಡಿ ಎಂಬ ಸಲಹೆ ಬೇರೆ. 2022ರಲ್ಲಿ ಕೆಲವರ ಪ್ಲಗ್ ಕರಗಿದಾಗ ಎನ್‌ವಿಡಿಯಾ ಹೇಳಿದ್ದು, ನೀವು ಸರಿಯಾಗಿ ಒತ್ತಿರಲಿಲ್ಲ ಅಂತ.

ಕಾರ್ಡ್ ದೊಡ್ಡದಾಯಿತು ಅಂತ ಜನ ಗೊಣಗಿದಾಗ ಎನ್‌ವಿಡಿಯಾ ಏನು ಮಾಡಿತು ಗೊತ್ತಾ? ತೈವಾನಿನ ಕಂಪ್ಯೂಟರ್ ಮೇಳವಾದ 2024ರ ಕಂಪ್ಯೂಟೆಕ್ಸ್‌ನಲ್ಲಿ, ಯಾವ ಕಾರ್ಡನ್ನು ಚಿಕ್ಕ ಪೆಟ್ಟಿಗೆಗೆ ತಕ್ಕದ್ದು ಅನ್ನಬಹುದು ಎಂದು ಅಳತೆ ಬರೆದುಕೊಟ್ಟಿತು. 304 ಮಿ.ಮೀ. ಉದ್ದ, 50 ಮಿ.ಮೀ. ದಪ್ಪ ಇದ್ದರೂ ಅದು ಚಿಕ್ಕದೇ. ನಮ್ಮ ಸರ್ಕಾರಗಳಿಗೆ ಈ ಉಪಾಯ ಹೊಳೆಯಬಾರದು, ರಸ್ತೆ ಗುಂಡಿಗೂ ಇಷ್ಟು ಆಳದವರೆಗೆ ಗುಂಡಿಯಲ್ಲ ಅಂದುಬಿಡುತ್ತಾರೆ.

ಈಗ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ "ಅಣ್ಣಾ, ಇದರೊಳಗೆ ಈ ಕಾರ್ಡ್ ಕೂರುತ್ತಾ?" ಅಂತ ಕೇಳಿ. "ಕೂರಿಸೋಣ ಸಾರ್" ಅನ್ನುತ್ತಾರೆ. ಕೂರಿಸಿಯೂ ಬಿಡುತ್ತಾರೆ. ಮನೆಗೆ ಬಂದು ಆಟ ಶುರು ಮಾಡಿದರೆ ಚಿಕ್ಕ ಡಬ್ಬಿಯಲ್ಲಿ ಫ್ಯಾನ್ ಕಿರುಚುತ್ತದೆ, ದೊಡ್ಡದರಲ್ಲಿ ಪಿಸುಗುಟ್ಟುತ್ತದೆ, ಶಾಖ ಮಾತ್ರ ಎರಡರಿಂದಲೂ ರೂಮಿಗೇ.

ಆಮೇಲೆ ಚಿಕ್ಕ ಪಕ್ಷದವನು ಕಾರ್ಡಿನ ಪವರ್ ಮಿತಿಯನ್ನು ಶೇಕಡಾ 70ಕ್ಕೆ ಇಳಿಸುತ್ತಾನೆ. ಆಗ ಗೊತ್ತಾಗುತ್ತದೆ, ಆಟದ ವೇಗ ಹೇಳಿಕೊಳ್ಳುವಷ್ಟು ಕಡಿಮೆಯಾಗಲೇ ಇಲ್ಲ. ಅಂದರೆ ಆ ಕೊನೆಯ ನೂರಿನ್ನೂರು ವ್ಯಾಟಿಗಾಗಿಯೇ ಇಷ್ಟು ದಪ್ಪ ಕೂಲರ್, ಅದಕ್ಕಾಗಿಯೇ ಈ ಪೆಟ್ಟಿಗೆ ಜಗಳ. ಇದನ್ನು ದೊಡ್ಡ ಪಕ್ಷದವರಿಗೆ ಹೇಳಿ ನೋಡಿ, "ಇಷ್ಟು ದುಡ್ಡು ಕೊಟ್ಟು ಅದರ ಕೈಕಾಲು ಕಟ್ಟೋದಾ?" ಅಂತ ಮೈಮೇಲೆ ಬರುತ್ತಾರೆ. ಹಾಗೆ ಬಂದವರಲ್ಲಿ ಒಬ್ಬರ ಮಾನಿಟರ್ 60 ಹರ್ಟ್ಸಿನದು, ಕಾರ್ಡು ಸೆಕೆಂಡಿಗೆ ಎಷ್ಟೇ ಚಿತ್ರ ಬಿಡಿಸಿ ಕೊಟ್ಟರೂ ಅದು ತೋರಿಸುವುದು ಅರವತ್ತೇ.