ಶುಗರ್ ಚೆಕಪ್‌ನಲ್ಲಿ ಊರಿನ ಡಾಕ್ಟರು ಕೇಳದ ಪ್ರಶ್ನೆ

ಇಂಗ್ಲೆಂಡಿನಲ್ಲಿ ಶುಗರ್ ಇದೆ ಅಂತ ಒಮ್ಮೆ ದಾಖಲಾದರೆ, ತಪಾಸಣೆಗೆ ಬನ್ನಿ ಅಂತ ವರ್ಷಕ್ಕೊಮ್ಮೆ ಕರೆ ಬರುತ್ತದೆ. ರಕ್ತ, ಮೂತ್ರ, ಬಿಪಿ, ತೂಕ ಎಲ್ಲ ನೋಡುತ್ತಾರೆ. ಸಾಕ್ಸ್ ಬಿಚ್ಚಿಸಿ, ಪಾದ ಮುಟ್ಟಿ, ಗೊತ್ತಾಗುತ್ತಿದೆಯಾ ಎಂದು ಕೇಳುತ್ತಾರೆ. ಇಷ್ಟು ನಮ್ಮೂರಿನ ಒಳ್ಳೆಯ ಡಾಕ್ಟರುಗಳೂ ಮಾಡುತ್ತಾರೆ. ಆದರೆ ಇಲ್ಲಿ ಗಂಡಸರಿಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಪಾದದ ಬಗ್ಗೆ ಕೇಳಿದ ಅದೇ ದನಿಯಲ್ಲಿ, ಕಂಪ್ಯೂಟರಿನಲ್ಲಿ ಏನೋ ಬರೆದುಕೊಳ್ಳುತ್ತಲೇ ನರ್ಸಮ್ಮ ಕೇಳುತ್ತಾರೆ: ನಿಮಿರುವಿಕೆಯಲ್ಲಿ ಏನಾದರೂ ತೊಂದರೆ ಇದೆಯಾ?

ಇದು ಆ ನರ್ಸಮ್ಮನ ಸ್ವಂತ ಧೈರ್ಯ ಅಲ್ಲ. ಇಲ್ಲಿ ಯಾವ ರೋಗಕ್ಕೆ ಏನು ಮಾಡಬೇಕು ಅಂತ ಬರೆದುಕೊಡುವ ನೈಸ್ ಎಂಬ ಸಂಸ್ಥೆ ಇದೆ. ಟೈಪ್ 2 ಶುಗರ್ ಇರುವ ಗಂಡಸರಿಗೆ ವರ್ಷದ ತಪಾಸಣೆಯಲ್ಲಿ ಈ ವಿಷಯ ಮಾತಾಡಲು ಅವಕಾಶ ಕೊಡಿ ಎಂದು ಅದರ ಮಾರ್ಗಸೂಚಿಯಲ್ಲೇ ಇದೆ. ಎಲ್ಲ ಕಡೆ ತಪ್ಪದೆ ಕೇಳುತ್ತಾರೆ ಅಂತಲ್ಲ. ಆದರೆ ಕೇಳಬೇಕು ಎನ್ನುವುದು ಕಾಗದದ ಮೇಲಿದೆ.

ನನಗೆ ಅರವತ್ತು ದಾಟಿದೆ. ಇರುವುದು ಬರ್ಮಿಂಗ್‌ಹ್ಯಾಮ್, ಊರು ಹಾಸನ. ಎರಡೂ ಕಡೆ ನನ್ನ ವಯಸ್ಸಿನ ಗೆಳೆಯರಿದ್ದಾರೆ, ಎರಡೂ ಕಡೆ ಹೆಚ್ಚಿನವರಿಗೆ ಶುಗರೋ ಬಿಪಿಯೋ ಇದ್ದೇ ಇದೆ. ಬಿಳಿಯರಿಗೆ ಈ ವಿಷಯದಲ್ಲಿ ನಾಚಿಕೆ ಇಲ್ಲ ಎಂದು ಊರಿನವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಇಲ್ಲಿನ ಮುದುಕರು ಮಂಡಿಯ ಆಪರೇಷನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದರ ಸುದ್ದಿ ಎತ್ತುವುದಿಲ್ಲ. ಪಬ್ಬಿನಲ್ಲಿ ಜೋಕ್ ಆಗುತ್ತದೆ. ಹಾಸನದಲ್ಲಿ ಪಾರ್ಕಿನ ವಾಕಿಂಗ್ ಮುಗಿದ ಮೇಲೂ ಅಂಥದ್ದೇ ಜೋಕ್. ನಾಚಿಕೆಯಲ್ಲಿ ಇಬ್ಬರೂ ಸಮ. ವ್ಯತ್ಯಾಸ ಇಷ್ಟೇ: ಇಲ್ಲಿ ಮೊದಲು ಬಾಯಿ ತೆಗೆಯುವ ಕಷ್ಟ ರೋಗಿಯದ್ದಲ್ಲ.

ಅಪರೂಪಕ್ಕೆ ಒಬ್ಬ ನಾಚಿಕೆ ಬಿಟ್ಟ ಬ್ರಿಟಿಷ್ ಮನುಷ್ಯನೂ ಇದ್ದ ಅನ್ನಿ. ಜೈಲ್ಸ್ ಬ್ರಿಂಡ್ಲಿ ಅಂತ, ಶರೀರಶಾಸ್ತ್ರದ ವಿಜ್ಞಾನಿ. 1983ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಮೂತ್ರರೋಗ ತಜ್ಞರ ಸಮ್ಮೇಳನ. ರಕ್ತನಾಳ ಹಿಗ್ಗಿಸುವ ಔಷಧಿಯನ್ನು ತಾನೇ ಚುಚ್ಚಿಕೊಂಡು ಬಂದು, ಭಾಷಣದ ಮಧ್ಯೆ ಸಭಿಕರಿಗೆ ಫಲಿತಾಂಶ ತೋರಿಸಿಯೇ ಬಿಟ್ಟ! ಸಭೆಯಲ್ಲಿ ಡಾಕ್ಟರುಗಳ ಹೆಂಡತಿಯರೂ ಇದ್ದರಂತೆ. ನಗು ಬರುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಇದು ಹೆಚ್ಚಾಗಿ ಮನಸ್ಸಿನ ಕಾಯಿಲೆ ಎಂದೇ ಡಾಕ್ಟರುಗಳೂ ನಂಬಿದ್ದರು. ರಕ್ತನಾಳದ ಕಡೆ ಗಮನ ತಿರುಗಲು ಆ ಭಾಷಣವೂ ಒಂದು ಕಾರಣ.

ರಕ್ತನಾಳದ ವಿಷಯವೇ ಇಲ್ಲಿ ಮುಖ್ಯ. ನಿಮಿರುವುದು ಅಂದರೆ ರಕ್ತ ತುಂಬಿಕೊಂಡು ಅಲ್ಲೇ ನಿಲ್ಲುವುದು. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳದ್ದು 3ರಿಂದ 4 ಮಿಲಿಮೀಟರ್. ಶುಗರ್, ಕೊಲೆಸ್ಟರಾಲ್, ಬೀಡಿ, ಸಿಗರೇಟು ಇವು ಮೈಯ ಎಲ್ಲ ನಾಳಗಳನ್ನೂ ಕೆಡಿಸುತ್ತವೆ. ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ, ಅಷ್ಟೇ. ಎಷ್ಟೋ ಜನರಲ್ಲಿ ಎದೆನೋವು ಕಾಣಿಸಿಕೊಳ್ಳುವ ಎರಡು ಮೂರು ವರ್ಷ ಮೊದಲೇ ಈ ತೊಂದರೆ ಶುರುವಾಗಿರುತ್ತದೆ. ಅಂದರೆ ಆ ಪ್ರಶ್ನೆ ಕೇಳದ ಡಾಕ್ಟರು ಹೃದಯದ ಬಗ್ಗೆ ಸಿಗಬಹುದಾಗಿದ್ದ ಸುಳಿವೊಂದನ್ನು ಬಿಟ್ಟ ಹಾಗೆ. ಮಲಗುವ ಕೋಣೆಯ ಮಾತು ಅಂತ ಇದನ್ನು ಪಕ್ಕಕ್ಕಿಡುವುದು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ತೊಂದರೆ ಅಪರೂಪದ್ದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 52 ಮಂದಿಗೆ ಅಲ್ಪಸ್ವಲ್ಪವೋ ಪೂರ್ತಿಯೋ ಈ ತೊಂದರೆ ಇತ್ತು. ಶುಗರ್ ಇರುವವರಲ್ಲಿ ಇನ್ನೂ ಜಾಸ್ತಿ, ಇನ್ನೂ ಬೇಗ. ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳಿಂದಲೂ ಬರುತ್ತದೆ. ಅದಕ್ಕೇ ಅಂತ ಊರಲ್ಲಿ ಯಾರಿಗೂ ಹೇಳದೆ ಬಿಪಿ ಮಾತ್ರೆ ನಿಲ್ಲಿಸುವವರು ಇದ್ದಾರೆ. ಡಾಕ್ಟರಿಗೆ ಹೇಳಿದ್ದರೆ ಮಾತ್ರೆ ಬದಲಾಯಿಸಿ ಕೊಡುತ್ತಿದ್ದರು. ಹೇಳದೆ ನಿಲ್ಲಿಸಿದರೆ ಲಕ್ವ ಹೊಡೆಯಬಹುದು.

ಡಾಕ್ಟರು ಕೇಳದ ಪ್ರಶ್ನೆಯನ್ನು ಊರಲ್ಲಿ ಬೇರೆಯವರು ಕೇಳುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆ ನೋಡಿ. ನರದೌರ್ಬಲ್ಯವೇ? ಗುಪ್ತ ಸಮಸ್ಯೆಯೇ? ಇಂತಿಂಥ ದಿನ ಇಂಥ ಲಾಡ್ಜಿನಲ್ಲಿ ಭೇಟಿಯಾಗಿ. ಹೀಗೆ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಔಷಧಿಯಿಂದ ಲೈಂಗಿಕ ಶಕ್ತಿ ಹೆಚ್ಚುತ್ತದೆ ಅಂತ ಪ್ರಚಾರ ಮಾಡುವ ಹಾಗೇ ಇಲ್ಲ. ಕಾಯ್ದೆಗೆ ಎಪ್ಪತ್ತು ದಾಟಿತು, ಗೋಡೆ ಮಾತ್ರ ಹಾಗೇ ಇದೆ. ಮರ್ಯಾದಸ್ಥ ಮುದುಕರು ಅಲ್ಲಿಗೆ ಹೋಗುತ್ತಾರೆ ಅಂದರೆ, ಅಲ್ಲಿ ತಾವಾಗಿ ವಿವರಿಸಬೇಕಾಗಿಲ್ಲ ಅನ್ನುವುದೇ ಒಂದು ಆಕರ್ಷಣೆ. ಬೋರ್ಡೇ ಎಲ್ಲ ಹೇಳಿಬಿಟ್ಟಿರುತ್ತದೆ.

ಅಲ್ಲಿ ಕೊಡುವ ಪುಡಿಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಗಿಡಮೂಲಿಕೆ ಅಂತ ಮಾರುವ ಇಂಥ ಸರಕಿನಲ್ಲಿ ವಯಾಗ್ರದ ರಾಸಾಯನಿಕವಾದ ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿದೆ. ಕೆಲಸ ಮಾಡಿದರೆ ಅದಕ್ಕೇ ಭಯಪಡಬೇಕು ಅನ್ನಿಸುತ್ತದೆ. ಯಾಕೆಂದರೆ ನಮ್ಮ ಎಷ್ಟೋ ಹಿರಿಯರ ಅಂಗಿ ಜೇಬಿನಲ್ಲಿ ಸಾರ್ಬಿಟ್ರೇಟ್ ಇರುತ್ತದೆ, ಎದೆನೋವು ಬಂದರೆ ನಾಲಿಗೆ ಕೆಳಗಿಡಲು. ಸಾರ್ಬಿಟ್ರೇಟ್ ನೈಟ್ರೇಟ್ ಜಾತಿಯ ಔಷಧಿ. ಅದೂ ಸಿಲ್ಡೆನಾಫಿಲ್ಲೂ ಮೈಯಲ್ಲಿ ಒಟ್ಟಿಗೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡಬಾರದು. ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬಂದಾಗ ಡಾಕ್ಟರಿಗೆ ಇದು ಗೊತ್ತಿರಲೇಬೇಕು. ತಿಂದದ್ದು ಬರೀ ಬೇರಿನ ಪುಡಿ ಎಂದು ನಂಬಿದವರು ಏನಂತ ಹೇಳುತ್ತಾರೆ?

ಇಂಗ್ಲೆಂಡಿನಲ್ಲಿ 2018ರಿಂದ 50 ಮಿಲಿಗ್ರಾಂ ವಯಾಗ್ರ ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಕೇಳಿದ ತಕ್ಷಣ ಕೈಗೆ ಕೊಡುವುದಿಲ್ಲ. ಹೃದಯದ ತೊಂದರೆ ಇದೆಯಾ, ನೈಟ್ರೇಟ್ ತೆಗೆದುಕೊಳ್ಳುತ್ತೀರಾ, ಬೇರೆ ಏನು ಮಾತ್ರೆ ಎಂದು ಫಾರ್ಮಸಿಸ್ಟ್ ವಿಚಾರಿಸುತ್ತಾರೆ. ಬೇಡ ಅನ್ನಿಸಿದರೆ ಕೊಡದೆ, ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾರೆ. ಅಂದಹಾಗೆ ಈ ಔಷಧಿ ಹುಟ್ಟಿದ್ದೂ ಇದೇ ದೇಶದಲ್ಲಿ. ಕೆಂಟ್ ಪ್ರಾಂತ್ಯದ ಸ್ಯಾಂಡ್‌ವಿಚ್ ಎಂಬ ಊರಿನ ಫೈಜರ್ ಪ್ರಯೋಗಾಲಯದಲ್ಲಿ. ಹುಡುಕುತ್ತಿದ್ದದ್ದು ಎದೆನೋವಿಗೆ ಮದ್ದು.

ಹಾಗಂತ ಇಲ್ಲಿನದೆಲ್ಲ ಚೆನ್ನ ಅನ್ನಲಾರೆ. ಪ್ರಶ್ನೆ ಕೇಳುತ್ತಾರೆ, ಆಮೇಲೆ ತಜ್ಞರನ್ನು ನೋಡಲು ತಿಂಗಳುಗಟ್ಟಲೆ ಕಾಯಬೇಕು. ಕಾಯಲಾರದವರು ಆನ್‌ಲೈನಿನಲ್ಲಿ ಫಾರಂ ತುಂಬಿ ಮಾತ್ರೆ ತರಿಸಿಕೊಳ್ಳುತ್ತಾರೆ. ಮಾತ್ರೆ ಬಂತು, ಕೆಲಸ ಮುಗಿಯಿತು ಅನ್ನುವ ಧೋರಣೆ ನನಗೆ ಹಿಡಿಸುವುದಿಲ್ಲ. ಮೂತ್ರ ತಡೆಯುವ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮ, ನಡಿಗೆ, ತೂಕ ಇಳಿಸುವುದು, ಸಿಗರೇಟು ಬಿಡುವುದು, ಇವುಗಳ ಮಾತು ಮಾತ್ರೆಯ ಜೊತೆ ಮರೆತೇ ಹೋಗುತ್ತದೆ. ಹೆಂಡತಿಯ ಮಾತಂತೂ ಬರುವುದೇ ಇಲ್ಲ. ಮುಟ್ಟು ನಿಂತ ಮೇಲೆ ಅವಳಿಗೆ ಅಲ್ಲಿ ಒಣಗಿ ನೋವಾಗುತ್ತಿರಬಹುದು. ಅದಕ್ಕೂ ಔಷಧಿ ಇದೆ. ಗಂಡನಿಗೆ ಮಾತ್ರ ಮಾತ್ರೆ ಕೊಟ್ಟು ಕಳಿಸಿದರೆ ಅವಳ ಕಷ್ಟ ಹೆಚ್ಚಿಸಿದ ಹಾಗೆ, ಅಲ್ವಾ?

ಊರಿನ ಅನುಕೂಲ ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಸಂಜೆಗೆ ರಿಪೋರ್ಟ್. ಅವತ್ತೇ ಡಾಕ್ಟರು ಸಿಗುತ್ತಾರೆ. ಅದೇ ಮಾತ್ರೆ ಬೇರೆ ಬೇರೆ ಕಂಪನಿಗಳದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಎಲ್ಲ ಇದೆ. ಮೊಮ್ಮಕ್ಕಳಾದ ಮೇಲೆ ಇದೆಲ್ಲ ಯಾಕೆ ಎಂಬ ಮಾತೂ ಇದೆ. ಅಜ್ಜಿ ಮೊಮ್ಮಗಳ ಜೊತೆ ಒಳಕೋಣೆಯಲ್ಲಿ, ಅಜ್ಜ ಹಾಲ್‌ನ ದಿವಾನದ ಮೇಲೆ. ಮನೆಯವರೇ ಹೀಗೆ ಹಾಸಿಗೆ ಹಂಚಿಬಿಟ್ಟಿರುತ್ತಾರೆ, ಅವರಿಬ್ಬರನ್ನು ಒಂದು ಮಾತು ಕೇಳದೆ. ಬೇಡ ಅನ್ನಿಸಿದವರಿಗೆ ಬೇಡ, ಅದು ಅವರಿಷ್ಟ. ಬೇಕು ಅನ್ನಿಸಿದವರು ತಪ್ಪಿತಸ್ಥರ ಹಾಗೆ ಯಾಕಿರಬೇಕು?

ಹಾಸನದಲ್ಲಿ ನನ್ನ ಸಹಪಾಠಿಯೊಬ್ಬ ಡಾಕ್ಟರು. ಶುಗರ್ ರೋಗಿಗಳೇ ಜಾಸ್ತಿ. ನೀವ್ಯಾಕೆ ಕೇಳಲ್ಲ ಅಂತ ಜಗಳ ತೆಗೆದೆ. "ಹೆಂಗಯ್ಯಾ ಕೇಳ್ಲಿ? ಪಕ್ಕದಲ್ಲಿ ಮಗ ಕೂತಿರ್ತಾನೆ, ಇಲ್ಲಾ ಸೊಸೆ. ಅಪ್ಪನಿಗೆ ಬಾಯಿ ತೆಗೆಯೋಕೂ ಬಿಡದೆ ಅವರೇ ಎಲ್ಲಾ ಹೇಳ್ತಾರೆ" ಅಂದ. ಅದು ನನಗೆ ಹೊಳೆದಿರಲಿಲ್ಲ. ಇಲ್ಲಿ ನಾವು ಕೋಣೆಯೊಳಗೆ ಒಬ್ಬರೇ ಹೋಗುತ್ತೇವೆ. ಮಗನನ್ನು ಹೊರಗೆ ಕಳಿಸು ಅಂದೆ. ಹಾಗೆ ಮುಖಕ್ಕೆ ಹೇಳಿದರೆ ಮನೆಗೆ ಹೋದ ಮೇಲೆ ಅಪ್ಪನಿಗೆ ವಿಚಾರಣೆ ಶುರುವಾಗುತ್ತದೆ, ಬೇಡ ಅಂದ. ಈಗ ಒಂದು ಉಪಾಯ ಮಾಡಿದ್ದಾನೆ. ಬಿಪಿ ನೋಡುವ ಹೊತ್ತಿಗೆ ಮಗನನ್ನು ಕೌಂಟರಿಗೆ ಬಿಲ್ ಕಟ್ಟಲು ಕಳಿಸುತ್ತಾನೆ. ಕೌಂಟರಿನ ಹುಡುಗಿಗೂ ಹೇಳಿಟ್ಟಿದ್ದಾನೆ, ಸ್ವಲ್ಪ ನಿಧಾನವಾಗಿ ಚಿಲ್ಲರೆ ಕೊಡಮ್ಮಾ ಅಂತ.